ಹಳೆಯ ಘಟಕ ನಿಂತರೆ ಗುತ್ತಿಗೆ ಕಾರ್ಮಿಕನ ಗತಿಯೇನು?

ಪ್ರಶ್ನೆ: ನನ್ನ ಗಂಡ ಹದಿನಾಲ್ಕು ವರ್ಷದಿಂದ ಕಲ್ಯಾಣ ಕರ್ನಾಟಕದ ಒಂದು ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಕಲ್ಲಿದ್ದಲು ವಿಭಾಗದಲ್ಲಿ ಗುತ್ತಿಗೆ ಮೇಲೆ ದುಡಿಯುತ್ತಿದ್ದಾರೆ. ಇಷ್ಟರಲ್ಲಿ ಗುತ್ತಿಗೆದಾರರು ನಾಲ್ಕು ಸಲ ಬದಲಾಗಿದ್ದಾರೆ, ಮಾಡುವ ಕೆಲಸ ಮಾತ್ರ ಅದೇ. ಹಳೆಯ ಘಟಕಗಳನ್ನು 2030ಕ್ಕೆ ಮುಚ್ಚುತ್ತಾರೆ ಎಂದು ಕೆಲವರು ಹೇಳುತ್ತಾರೆ, ಎಂದಿಗೂ ಮುಚ್ಚುವುದಿಲ್ಲ ಎಂದು ಇನ್ನು ಕೆಲವರು. ಹೋದ ಮಳೆಗಾಲದಲ್ಲಿ ತಿಂಗಳಿಗೆ ಹದಿನೈದು ದಿನವೂ ಕೆಲಸ ಇರಲಿಲ್ಲ. ಬೆಂಗಳೂರಿನಲ್ಲಿ ಓದುವ ಮಗ, 'ಕಲ್ಲಿದ್ದಲು ನಿಲ್ಲಲೇಬೇಕಮ್ಮ, ಇಲ್ಲದಿದ್ದರೆ ನಮ್ಮೂರ ಬಿಸಿಲಲ್ಲಿ ಬದುಕೋಕೇ ಆಗಲ್ಲ' ಅನ್ನುತ್ತಾನೆ. ಅವನು ಹೇಳುವುದೂ ಸುಳ್ಳಲ್ಲ ಅನಿಸುತ್ತದೆ. ಆದರೆ ವಿದೇಶದವರ ಒತ್ತಡಕ್ಕೆ ನಮ್ಮ ಅನ್ನ ಹೋಗುತ್ತಿದೆಯೇ? ಸೋಲಾರ್ ಬಂದರೆ ಇಷ್ಟೇ ಜನಕ್ಕೆ ಕೆಲಸ ಸಿಗುತ್ತದೆಯೇ? ಪಾವಗಡದ ಸೋಲಾರ್ ಪಾರ್ಕಿನಲ್ಲಿ ಜಮೀನಿದ್ದವರಿಗೆ ಬಾಡಿಗೆ ಬಂತಂತೆ, ನಮ್ಮಂಥ ಜಮೀನಿಲ್ಲದವರಿಗೆ ಏನು ಬಂತು? ನಾವೀಗ ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಮಳೆಗಾಲದ ಆ ಒಂದು ಸಾಲು. 2030ರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಆದರೆ ಹಳೆಯ ಸ್ಥಾವರಗಳಲ್ಲಿ ಮುಚ್ಚುವ ಆದೇಶ ಬರುವ ಎಷ್ಟೋ ವರ್ಷ ಮೊದಲೇ ಕೆಲಸ ಕರಗತೊಡಗುತ್ತದೆ. ಯಾರೂ ಯಾರನ್ನೂ ತೆಗೆದುಹಾಕುವುದಿಲ್ಲ. ಹಾಜರಿ ದಿನಗಳು ಕಡಿಮೆಯಾಗುತ್ತವೆ, ಅಷ್ಟೇ. ನಿಮ್ಮ ಮನೆಗೆ ಅದು ಈಗಾಗಲೇ ತಟ್ಟಿದೆ. ಹಾಗಾಗಿ 2030ರ ಮಾತನ್ನು ಬೇಗ ಮುಗಿಸಿ, ಈಗ ನಡೆಯುತ್ತಿರುವುದನ್ನು ನಿಧಾನವಾಗಿ ವಿವರಿಸುತ್ತೇನೆ.

ವಿದೇಶದ ಒತ್ತಡದ ಮಾತು ನಿಜವಲ್ಲ. 2021ರ ನವೆಂಬರ್‌ನಲ್ಲಿ ಗ್ಲಾಸ್ಗೋ ಹವಾಮಾನ ಸಮಾವೇಶದಲ್ಲಿ ಭಾರತ ಹೇಳಿದ್ದು ಇಷ್ಟು: 2030ರೊಳಗೆ ಪಳೆಯುಳಿಕೆ ಇಂಧನವಲ್ಲದ ಮೂಲಗಳಿಂದ 5 ಲಕ್ಷ ಮೆಗಾವ್ಯಾಟ್ ಸಾಮರ್ಥ್ಯ, 2070ಕ್ಕೆ ನಿವ್ವಳ ಶೂನ್ಯ ಹೊರಸೂಸುವಿಕೆ (ಬಿಟ್ಟಷ್ಟೂ ಇಂಗಾಲವನ್ನು ಮತ್ತೆ ಹೀರಿಕೊಳ್ಳುವುದು). 2022ರ ಆಗಸ್ಟ್‌ನಲ್ಲಿ ಒಪ್ಪಿಕೊಂಡ ಗುರಿಯ ಪ್ರಕಾರ, ಪ್ರತಿ ರೂಪಾಯಿ ಉತ್ಪಾದನೆಗೆ ತಗಲುವ ಇಂಗಾಲ 2005ಕ್ಕೆ ಹೋಲಿಸಿದರೆ ಶೇ. 45ರಷ್ಟು ಇಳಿಯಬೇಕು. ಇವುಗಳಲ್ಲಿ ಎಲ್ಲಿಯೂ ಯಾವ ಸ್ಥಾವರವನ್ನು ಯಾವಾಗ ಮುಚ್ಚಬೇಕೆಂದು ಬರೆದಿಲ್ಲ, ತಪ್ಪಿದರೆ ದಂಡವೂ ಇಲ್ಲ. ಅದೇ ಗ್ಲಾಸ್ಗೋದಲ್ಲಿ ಕಲ್ಲಿದ್ದಲನ್ನು 'ನಿಲ್ಲಿಸುವುದು' ಎಂಬ ಪದ ಕೊನೆಗಳಿಗೆಯಲ್ಲಿ 'ತಗ್ಗಿಸುವುದು' ಎಂದಾಯಿತು, ಅದಕ್ಕೆ ಪಟ್ಟು ಹಿಡಿದವರಲ್ಲಿ ಭಾರತವೇ ಮುಂದಿತ್ತು. 2023ರ ಜನವರಿಯಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರವು 2030ಕ್ಕೆ ಮುಂಚೆ ಕಲ್ಲಿದ್ದಲು ಘಟಕಗಳನ್ನು ನಿವೃತ್ತಿ ಮಾಡಬೇಡಿ ಎಂದು ವಿದ್ಯುತ್ ಕಂಪನಿಗಳಿಗೆ ಸೂಚಿಸಿತು. ಅದೇ ವರ್ಷದ ಕೊನೆಗೆ ಕೇಂದ್ರ ಸರ್ಕಾರ 2032ರೊಳಗೆ ಕನಿಷ್ಠ 80 ಸಾವಿರ ಮೆಗಾವ್ಯಾಟ್ ಹೊಸ ಕಲ್ಲಿದ್ದಲು ಸಾಮರ್ಥ್ಯ ಬೇಕೆಂದಿತು. ಇಷ್ಟನ್ನು ನೋಡಿದರೆ '2030ಕ್ಕೆ ಮುಚ್ಚುತ್ತಾರೆ' ಎಂಬುದು ಬಾಯಿಮಾತು. 'ಎಂದಿಗೂ ಮುಚ್ಚುವುದಿಲ್ಲ' ಎಂಬುದೂ ಬಾಯಿಮಾತೇ, ಏಕೆಂದರೆ ಯಂತ್ರಕ್ಕೂ ವಯಸ್ಸಾಗುತ್ತದೆ.

ನೀವು ಸ್ಥಾವರದ ಹೆಸರು ಬರೆದಿಲ್ಲ. ಲೆಕ್ಕಕ್ಕೆ ರಾಜ್ಯದ ಅತಿ ಹಳೆಯ ಉಷ್ಣ ಸ್ಥಾವರವಾದ ಶಕ್ತಿನಗರದ ಆರ್‌ಟಿಪಿಎಸ್ (ರಾಯಚೂರು ಉಷ್ಣ ವಿದ್ಯುತ್ ಸ್ಥಾವರ) ಅನ್ನು ಹಿಡಿಯುತ್ತೇನೆ. ಅಲ್ಲಿ 210 ಮೆಗಾವ್ಯಾಟ್‌ನ ಏಳು, 250ರ ಒಂದು ಘಟಕ ಸೇರಿ 1,720 ಮೆಗಾವ್ಯಾಟ್. ಮೊದಲ ಘಟಕ ಶುರುವಾದದ್ದು 1985ರಲ್ಲಿ. ಇಂಥ ಘಟಕಕ್ಕೆ ಲೆಕ್ಕ ಹಾಕುವ ಆಯುಸ್ಸು 25 ವರ್ಷ, ಅದಕ್ಕೀಗ ನಲವತ್ತು ದಾಟಿದೆ. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲು ಗಣಿಯಿಲ್ಲ. ತೆಲಂಗಾಣದ ಸಿಂಗರೇಣಿ, ಮಹಾರಾಷ್ಟ್ರ, ಒಡಿಶಾದ ಗಣಿಗಳಿಂದ ರೈಲಿನಲ್ಲಿ ಬರಬೇಕು.

ಒಂದು 210ರ ಘಟಕ ಇಡೀ ದಿನ ಪೂರ್ಣ ಹೊರೆಯಲ್ಲಿ ನಡೆದರೆ ಸುಮಾರು 50 ಲಕ್ಷ ಯುನಿಟ್ ಕೊಡುತ್ತದೆ. ಯುನಿಟ್ಟಿಗೆ ಅಂದಾಜು 700 ಗ್ರಾಂ ಕಲ್ಲಿದ್ದಲು ಹಿಡಿದರೆ ದಿನಕ್ಕೆ 3,500 ಟನ್, ಅಂದರೆ ಹತ್ತಿರ ಹತ್ತಿರ ಒಂದು ಪೂರ್ತಿ ರೇಕ್, ಎಂದರೆ ಒಂದಿಡೀ ಗೂಡ್ಸ್ ರೈಲು. ಹೊರಬೀಳುವ ಇಂಗಾಲದ ಡೈಆಕ್ಸೈಡ್ ಸುಮಾರು 5,000 ಟನ್, ಬೂದಿ ಸಾವಿರ ಟನ್ನಿಗೂ ಮೇಲೆ. ನಿಮ್ಮ ಯಜಮಾನರಿಗೆ ಈ ಲೆಕ್ಕ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ: ರೇಕ್ ಬಂದ ದಿನ ವ್ಯಾಗನ್ ಮಗುಚಿ ಕಲ್ಲಿದ್ದಲು ಸುರಿಯುವ ಟಿಪ್ಲರ್ ಬಳಿ ಕೈ ಬಿಡುವಿರುವುದಿಲ್ಲ, ರೇಕ್ ಇಲ್ಲದ ದಿನ ಹಾಜರಿಯೂ ಇಲ್ಲ.

ರೇಕ್ ಬರುವುದು ಕಡಿಮೆಯಾಗಿದ್ದು ಏಕೆ? ವಿದ್ಯುತ್ ಬೆಲೆಯಲ್ಲಿ ಎರಡು ಭಾಗವಿದೆ. ಆಟೋ ಇಟ್ಟವರಿಗೆ ಸಾಲದ ಕಂತು ಬೇರೆ, ಗ್ಯಾಸಿನ ಖರ್ಚು ಬೇರೆ ಇದ್ದ ಹಾಗೆ. ಕಂತನ್ನು ಓಡಿಸಿದರೂ ಕಟ್ಟಬೇಕು, ನಿಲ್ಲಿಸಿದರೂ ಕಟ್ಟಬೇಕು. ಹಾಗಾಗಿ ಇವತ್ತು ಯಾವ ಸ್ಥಾವರ ಓಡಬೇಕೆಂದು ತೀರ್ಮಾನಿಸುವಾಗ ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಕೇಂದ್ರದವರು ಇಂಧನದ ಖರ್ಚನ್ನಷ್ಟೇ ನೋಡುತ್ತಾರೆ. ಬಿಸಿಲು, ಗಾಳಿಗೆ ಇಂಧನದ ಖರ್ಚಿಲ್ಲ, ಅವು ಮೊದಲು. ಯರಮರಸ್‌ನಂಥ ಹೊಸ ಸೂಪರ್ ಕ್ರಿಟಿಕಲ್ ಘಟಕ ಅದೇ ಕಲ್ಲಿದ್ದಲಿನಲ್ಲಿ ಯುನಿಟ್ಟಿಗೆ 60–70 ಗ್ರಾಂ ಉಳಿಸುತ್ತದೆ. ಸಾಲ ತೀರಿದ ಹಳೆಯ ಘಟಕ ಅಗ್ಗ ಎಂದು ಜನ ತಿಳಿಯುತ್ತಾರೆ. ಕಂತಿನ ಮಟ್ಟಿಗೆ ಅದು ಸರಿ, ಆದರೆ ಓಡಿಸುವ ಖರ್ಚಿನಲ್ಲಿ ಹಳೆಯದೇ ದುಬಾರಿ. ಅದಕ್ಕೇ ಸಾಲಿನಲ್ಲಿ ಅದರ ಜಾಗ ಕೊನೆಗೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗದಗ, ಚಿತ್ರದುರ್ಗದ ಕಡೆ ಗಾಳಿ ಬೀಸುತ್ತದೆ, ಶರಾವತಿ, ಕಾಳಿ ಜಲಾಶಯಗಳಿಗೆ ನೀರು ಬರುತ್ತದೆ, ಮಳೆ ಬಿದ್ದು ಪಂಪ್‌ಸೆಟ್ ನಿಲ್ಲುತ್ತವೆ. ಕೊನೆಯ ಸಾಲಿನವರಿಗೆ ಆಗ, ಬೇಡಿಕೆಯಿಲ್ಲವೆಂದು ನಿಲ್ಲಿಸಿಡುವ 'ರಿಸರ್ವ್ ಶಟ್‌ಡೌನ್'. ಫೆಬ್ರುವರಿಯಿಂದ ಮೇವರೆಗೆ ಇದೇ ಉಲ್ಟಾ: ರಾಜ್ಯದ ಬೇಡಿಕೆ 18 ಸಾವಿರ ಮೆಗಾವ್ಯಾಟ್ ಆಸುಪಾಸಿಗೆ ಏರುತ್ತದೆ, ಸೂರ್ಯ ಮುಳುಗಿದ ಮೇಲೂ ಫ್ಯಾನು, ಎಸಿ ನಿಲ್ಲುವುದಿಲ್ಲ, ಕೊನೆಯ ಘಟಕವೂ ಬೇಕು. ದೇಶದ ಮಟ್ಟದಲ್ಲೂ ಹೀಗೆಯೇ. 2025ರ ನಡುವಿನ ಹೊತ್ತಿಗೆ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧದಷ್ಟು ಪಳೆಯುಳಿಕೆ ಇಂಧನವಲ್ಲದ ಮೂಲಗಳದ್ದಾಯಿತು. ಉತ್ಪಾದನೆಯ ಯುನಿಟ್ ಲೆಕ್ಕಕ್ಕೆ ಬಂದರೆ ಮಾತ್ರ ಕಲ್ಲಿದ್ದಲಿನ ಪಾಲು ಶೇ. 70ರ ಆಸುಪಾಸಿನಲ್ಲೇ ಇದೆ. ಪತ್ರಿಕೆಯ ತಲೆಬರಹದಲ್ಲಿ ಬರುವುದು ಮೊದಲ ಸಂಖ್ಯೆ, ನಿಮ್ಮ ಮನೆಯ ದೀಪ ನಿಂತಿರುವುದು ಎರಡನೆಯದರ ಮೇಲೆ.

ಹೀಗೆ ಏರಿಳಿಸಿ ಓಡಿಸುವುದು ಯಂತ್ರಕ್ಕೆ ಒಗ್ಗುವುದಿಲ್ಲ. 210ರ ಘಟಕವನ್ನು 115 ಮೆಗಾವ್ಯಾಟ್‌ವರೆಗೆ, ಅಂದರೆ ಶೇ. 55ಕ್ಕೆ ಇಳಿಸಬಹುದು. ಅದಕ್ಕಿಂತ ಕೆಳಗೆ ಬಾಯ್ಲರಿನ ಬೆಂಕಿ ಅಲುಗಾಡುತ್ತದೆ, ಹಿಡಿದು ನಿಲ್ಲಿಸಲು ಎಣ್ಣೆ ಸುಡಬೇಕು. ನಿಂತ ಘಟಕವನ್ನು ಮತ್ತೆ ಹೊತ್ತಿಸುವಾಗಲೂ ಎಣ್ಣೆಯೇ. ಎಣ್ಣೆಯ ಮಸಿ ಅಂಟದಿರಲೆಂದು ಆ ಹೊತ್ತಿನಲ್ಲಿ ಬೂದಿ ಹಿಡಿಯುವ ಇಎಸ್‌ಪಿಯ ಫೀಲ್ಡುಗಳನ್ನು ಆಫ್ ಇಟ್ಟಿರುತ್ತಾರೆ. ಘಟಕ ಮತ್ತೆ ಹೊತ್ತಿದ ದಿನ ಚಿಮಣಿಯಿಂದ ಕಪ್ಪು ಹೊಗೆ ಬರುವುದು ಇದರಿಂದ. ಬಿಸಿಯಾಗಿ, ತಣ್ಣಗಾಗಿ, ಮತ್ತೆ ಬಿಸಿಯಾಗಿ ಬಾಯ್ಲರ್ ಟ್ಯೂಬಿನ ವೆಲ್ಡ್ ಜಾಗಗಳು ಸೋರತೊಡಗುತ್ತವೆ. ಒಂದು ಟ್ಯೂಬ್ ಒಡೆದರೆ ಘಟಕ ಮೂರು ದಿನ ನಿಂತೀತು. ಸೋರಿಕೆ ಹೆಚ್ಚಾದಷ್ಟೂ ಓಡಿಸುವ ಖರ್ಚು ಏರುತ್ತದೆ, ಖರ್ಚು ಏರಿದಷ್ಟೂ ಸಾಲಿನಲ್ಲಿ ಹಿಂದೆ ಬೀಳುತ್ತದೆ. ಹಳೆಯ ಘಟಕ ಸಾಯುವುದು ಹೀಗೆ. ಯಾವ ದೇಶದ ಒತ್ತಡವೂ ಇದಕ್ಕೆ ಬೇಕಾಗಿಲ್ಲ.

ನಿಮ್ಮ ಮಗನ ಮಾತಿಗೆ ಬರುತ್ತೇನೆ. ಅವನು ಹೇಳಿದ್ದು ಸರಿ. ಈ ವಾಯುಮಂಡಲ ಕಾದರೆ ಮೊದಲು ಬೇಯುವುದು ತಗಡಿನ ಮನೆಯಲ್ಲಿ ಮಲಗುವವರು, ಮಧ್ಯಾಹ್ನ ಹೊರಗೆ ದುಡಿಯುವವರು. ರಾಯಚೂರು, ಕಲಬುರಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗೆಯೇ, ಇದು ನಿಮ್ಮ ಯಜಮಾನರು ಮಾಡಿದ ತಪ್ಪೂ ಅಲ್ಲ. ಒಬ್ಬ ಭಾರತೀಯನ ಪಾಲಿಗೆ ಬರುವ ವಾರ್ಷಿಕ ಇಂಗಾಲದ ಡೈಆಕ್ಸೈಡ್ ಸುಮಾರು 2 ಟನ್, ಅಮೆರಿಕದವನ ಪಾಲು 14 ಟನ್ ಆಸುಪಾಸು. ನಮ್ಮ ದೇಶದೊಳಗೂ ಆ 2 ಟನ್ ಸಮನಾಗಿ ಹಂಚಿಲ್ಲ. ಎರಡು ಕಾರು, ನಾಲ್ಕು ಎಸಿ ಇರುವ ಮನೆಯ ಪಾಲೂ ಕಲ್ಲಿದ್ದಲು ವಿಭಾಗದ ಕೆಲಸಗಾರನ ಮನೆಯ ಪಾಲೂ ಒಂದೇ ಅಲ್ಲ. ಕಲ್ಲಿದ್ದಲು ಕಡಿಮೆಯಾಗಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅದರ ಬೆಲೆಯನ್ನು ಯಾರು ತೆರಬೇಕು ಎಂಬ ಪ್ರಶ್ನೆಯನ್ನು ನಮ್ಮ ನೀತಿ ಇನ್ನೂ ಕೈಗೆತ್ತಿಕೊಂಡಿಲ್ಲ ಎಂಬುದೇ ನನ್ನ ಚಿಂತೆ.

ಸೋಲಾರ್‌ನಲ್ಲಿ ಅಷ್ಟೇ ಕೆಲಸ ಸಿಗುತ್ತದೆಯೇ? ಇಲ್ಲ. ಇದನ್ನು ಸುತ್ತಿ ಬಳಸಿ ಹೇಳುವುದು ನಿಮಗೆ ಮಾಡುವ ಮೋಸವಾದೀತು. ವರ್ಷದಲ್ಲಿ ಶೇ. 60ರಷ್ಟು ಓಡುವ 210ರ ಒಂದು ಘಟಕದಷ್ಟೇ ಯುನಿಟ್ ಬೇಕಾದರೆ, ರಾತ್ರಿ ಬಿಸಿಲಿಲ್ಲದ ಕಾರಣ, ಸುಮಾರು 630 ಮೆಗಾವ್ಯಾಟ್ ಸೋಲಾರ್ ಹಾಕಬೇಕು. ಪಾವಗಡದ ಪಾರ್ಕ್ 2,050 ಮೆಗಾವ್ಯಾಟ್‌ಗೆ ಸುಮಾರು 13 ಸಾವಿರ ಎಕರೆ ಹಿಡಿಯಿತು. ಆ ಲೆಕ್ಕದಲ್ಲಿ 630ಕ್ಕೆ ನಾಲ್ಕು ಸಾವಿರ ಎಕರೆ ಆಗುತ್ತದೆ. ಕಟ್ಟುವ ಒಂದೆರಡು ವರ್ಷ ಜನಕ್ಕೆ ಕೈತುಂಬ ಕೆಲಸ. ಆಮೇಲೆ ಉಳಿಯುವುದು ಪ್ಯಾನಲ್ ತೊಳೆಯುವುದು, ಹುಲ್ಲು ಕೊಯ್ಯುವುದು, ಕಾವಲು, ಕೆಲವು ಎಲೆಕ್ಟ್ರಿಷಿಯನ್‌ಗಳ ಕೆಲಸ.

ಪಾವಗಡದ ಬಗ್ಗೆ ನೀವು ಕೇಳಿದ್ದು ತುಂಬ ಸರಿಯಾದ ಪ್ರಶ್ನೆ. ಅಲ್ಲಿ ರೈತರ ಜಮೀನು ಕೊಳ್ಳದೆ 28 ವರ್ಷಕ್ಕೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಒಡೆತನ ರೈತನಲ್ಲೇ ಉಳಿಯಿತು. ದೇಶದಲ್ಲಿ ಬೇರೆಡೆ ಜಮೀನು ಕಸಿದುಕೊಂಡ ಬಗೆಗಳಿಗೆ ಹೋಲಿಸಿದರೆ ಇದು ಒಳ್ಳೆಯ ಮಾದರಿ ಎಂದೇ ನನ್ನ ಅಭಿಪ್ರಾಯ. ಆದರೆ ಆ ಒಪ್ಪಂದದಲ್ಲಿ ಪಹಣಿಯಲ್ಲಿ ಹೆಸರಿದ್ದವರಿಗೆ ಮಾತ್ರ ಜಾಗವಿತ್ತು. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ, ಶೇಂಗಾ ಬಿಡಿಸುತ್ತಿದ್ದ ಹೆಂಗಸರ ಕೂಲಿ, ಬೀಳು ಹೊಲದಲ್ಲಿ ಕುರಿ ಮೇಯಿಸುತ್ತಿದ್ದವರ ಮೇವು ಯಾವ ದಾಖಲೆಯಲ್ಲೂ ಇರಲಿಲ್ಲ. ದಾಖಲೆಯಲ್ಲಿ ಇಲ್ಲದ್ದಕ್ಕೆ ಪರಿಹಾರವೂ ಇಲ್ಲ. ನಿಮ್ಮ ಯಜಮಾನರದ್ದೂ ಇದೇ ಸ್ಥಿತಿ. ಖಾಯಂ ನೌಕರರ ಹೆಸರು ಸ್ಥಾವರ ನಡೆಸುವ ವಿದ್ಯುತ್ ನಿಗಮದ ಪುಸ್ತಕದಲ್ಲಿದೆ, ಘಟಕ ನಿಂತರೆ ಅವರಿಗೆ ಇನ್ನೊಂದು ಸ್ಥಾವರಕ್ಕೆ ವರ್ಗ. ಗುತ್ತಿಗೆಯವರ ಹೆಸರು ಇರುವುದು ಗುತ್ತಿಗೆದಾರನ ಪುಸ್ತಕದಲ್ಲಿ, ಟೆಂಡರ್ ಮುಗಿದ ದಿನ ಆ ಪುಸ್ತಕವೂ ಮುಗಿಯುತ್ತದೆ.

ಹೊರಗಡೆಯೂ ಇದು ಹೀಗೆಯೇ ನಡೆದಿದೆ. ದಕ್ಷಿಣ ಆಫ್ರಿಕಾದ ಕೊಮಾಟಿ ಎಂಬಲ್ಲಿ ಸಾವಿರ ಮೆಗಾವ್ಯಾಟ್‌ನ ಹಳೆಯ ಸ್ಥಾವರದ ಕೊನೆಯ ಘಟಕ 2022ರ ಅಕ್ಟೋಬರ್‌ನಲ್ಲಿ ನಿಂತಿತು. ಅಲ್ಲಿ ಸೋಲಾರ್, ಬ್ಯಾಟರಿ, ತರಬೇತಿಗೆಂದು ವಿಶ್ವ ಬ್ಯಾಂಕಿನ ನೆರವು ಮಂಜೂರಾದದ್ದು ಸ್ಥಾವರ ನಿಂತ ಮೇಲೆ. ಖಾಯಂ ನೌಕರರಿಗೆ ಬೇರೆ ಸ್ಥಾವರಗಳಲ್ಲಿ ಜಾಗ ಸಿಕ್ಕಿತು. ಗುತ್ತಿಗೆಯವರು, ಅವರಿಗೆ ಮನೆ ಬಾಡಿಗೆ ಕೊಟ್ಟವರು, ಊಟದ ಅಂಗಡಿಯವರು ಹೊಸ ಕೆಲಸ ಬರುವ ಮುಂಚೆಯೇ ಖಾಲಿ ಕೈಯಾದರು. ನಮ್ಮಲ್ಲೇ ಪಂಜಾಬಿನ ಬಠಿಂಡಾದ 460 ಮೆಗಾವ್ಯಾಟ್ ಸ್ಥಾವರವನ್ನು 2018ರ ಜನವರಿಯಲ್ಲಿ ಮುಚ್ಚಿದಾಗ ಬೀದಿಯಲ್ಲಿ ಧರಣಿ ಕೂತವರು ಗುತ್ತಿಗೆ ಕಾರ್ಮಿಕರು. ಜರ್ಮನಿ 2020ರಲ್ಲಿ ಕಾನೂನು ಮಾಡಿ 2038 ಎಂಬ ಕೊನೆಯ ದಿನ ಮೊದಲೇ ಹೇಳಿತು, ಕಲ್ಲಿದ್ದಲು ಸೀಮೆಗಳಿಗೆ 40 ಶತಕೋಟಿ ಯೂರೋವರೆಗೆ ತೆಗೆದಿಟ್ಟಿತು, 58 ದಾಟಿದ ಕಾರ್ಮಿಕರಿಗೆ ನಿವೃತ್ತಿಯ ತನಕ ಐದು ವರ್ಷದವರೆಗೆ ಭತ್ಯೆ ಕೊಡುತ್ತಿದೆ. ಅಷ್ಟು ಹಣ ನಮ್ಮಲ್ಲಿಲ್ಲ, ನಿಜ. ಆದರೆ ದಿನಾಂಕವನ್ನು ಮೊದಲೇ ಹೇಳಲು ಹಣ ಬೇಕಾಗಿಲ್ಲ.

ಸರ್ಕಾರದ ಮುಂದೆ ಇರುವ ದಾರಿಗಳು ಯಾವುವು? ಮೊದಲನೆಯದು, ಈಗ ನಡೆಯುತ್ತಿರುವುದೇ: ಒಡೆಯುವ ತನಕ ಓಡಿಸುವುದು. ಹೇಳಿಕೆಗೆ ಯಾರ ಕೆಲಸವೂ ಹೋಗುವುದಿಲ್ಲ. ಒಳಗಿಂದೊಳಗೆ ಹಾಜರಿ ಕರಗುತ್ತದೆ, ರಿಪೇರಿಗೆ ಹಣ ಬಿಡುಗಡೆಯಾಗುವುದಿಲ್ಲ, ಊರಿಗೆ ಹೊಗೆ, ಬೂದಿ ಹೆಚ್ಚುತ್ತದೆ. ಕಾರ್ಮಿಕನಿಗೆ ಇದು ಎಲ್ಲಕ್ಕಿಂತ ಅಪಾಯಕಾರಿ ದಾರಿ ಎಂದು ನಾನು ತಿಳಿದಿದ್ದೇನೆ.

ಎರಡನೆಯದು ಈಗ ಕೆಲವು ಎಂಜಿನಿಯರುಗಳು ಮೆಚ್ಚುವಂಥದ್ದು. ಹಳೆಯ ಘಟಕಗಳನ್ನು ಬೇಸಿಗೆಯ ನಾಲ್ಕು ತಿಂಗಳು ಮಾತ್ರ ಓಡಿಸಿ, ಉಳಿದ ಕಾಲ ಬಾಯ್ಲರಿಗೆ ತುಕ್ಕು ಹಿಡಿಯದಂತೆ ಕಾಪಾಡಿ ಇಡುವುದು. ಗ್ರಿಡ್ಡಿಗೆ ಇದು ಒಳ್ಳೆಯದು, ಇಂಗಾಲವೂ ಉಳಿಯುತ್ತದೆ. ಆದರೆ ಕಾನೂನಿನಲ್ಲಿ ಹನ್ನೆರಡು ತಿಂಗಳಲ್ಲಿ 240 ದಿನ ದುಡಿದವನಿಗೆ ಮಾತ್ರ 'ನಿರಂತರ ಸೇವೆ'. ಆ ಸೇವೆ ಇದ್ದರೆ ತಾನೇ ಕೆಲಸದಿಂದ ತೆಗೆಯುವಾಗ ವರ್ಷಕ್ಕೆ 15 ದಿನದ ಸಂಬಳದಂತೆ ಪರಿಹಾರ? ನಾಲ್ಕು ತಿಂಗಳು ಓಡುವ ಘಟಕದಲ್ಲಿ 240 ದಿನ ಎಲ್ಲಿಂದ ಬರಬೇಕು? ಯಾರೂ ಕೆಟ್ಟದ್ದು ಬಯಸದೆಯೇ ಸಾವಿರಾರು ಜನರ ಹಕ್ಕು ಹೀಗೆ ಸವೆದು ಹೋಗುತ್ತದೆ. ಈ ದಾರಿ ಹಿಡಿಯುವುದಾದರೆ ಉಳಿದ ತಿಂಗಳುಗಳಿಗೆ ಓವರ್‌ಹಾಲ್, ಬೂದಿ ಹೊಂಡದ ಕೆಲಸ ಜೋಡಿಸಿ 240 ದಿನದ ಹಾಜರಿಯನ್ನು ಟೆಂಡರ್ ಷರತ್ತಿನಲ್ಲೇ ಬರೆಯಬೇಕು.

ಮೂರನೆಯದು, ದಿನಾಂಕ ಹೇಳಿ ಮುಚ್ಚುವುದು, ಅದೂ ಕನಿಷ್ಠ ಐದು ವರ್ಷ ಮೊದಲೇ. ಇದರ ಅಪಾಯ ಬೇಸಿಗೆಯ ಸಂಜೆಗಳದ್ದು: ಬದಲಿ ಸಿದ್ಧವಿಲ್ಲದೆ ಮುಚ್ಚಿದರೆ ವಿದ್ಯುತ್ ವಿನಿಮಯ ಕೇಂದ್ರದಲ್ಲಿ ಯುನಿಟ್ಟಿಗೆ 10 ರೂಪಾಯಿಯ ಮಿತಿದರದವರೆಗೆ ತೆತ್ತು ಕೊಳ್ಳಬೇಕಾದೀತು. ಒಂದು 210ರ ಘಟಕದ ಸಂಜೆಯ ನಾಲ್ಕು ಗಂಟೆಗೆ 840 ಮೆಗಾವ್ಯಾಟ್-ಗಂಟೆಯ ಬ್ಯಾಟರಿ ಬೇಕು. ಕೆಲವು ವರ್ಷದ ಹಿಂದೆ ಇದು ಕನಸಾಗಿತ್ತು. ಎರಡು ಗಂಟೆಯ ಬ್ಯಾಟರಿಗೆ 2022ರ ಟೆಂಡರಿನಲ್ಲಿ ಪ್ರತಿ ಮೆಗಾವ್ಯಾಟ್‌ಗೆ ತಿಂಗಳಿಗೆ 10 ಲಕ್ಷ ರೂಪಾಯಿ ದಾಟಿದ್ದ ಬಾಡಿಗೆ 2025ರಲ್ಲಿ, ಸರ್ಕಾರದ ಸಹಾಯಧನವೂ ಸೇರಿ, 2 ಲಕ್ಷ ಚಿಲ್ಲರೆಗೆ ಬಂತು. ಬ್ಯಾಟರಿ ಇಡಲು ಹಳೆಯ ಸ್ಥಾವರಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ: ಸಮತಟ್ಟು ನೆಲ, ವಿದ್ಯುತ್ತನ್ನು ತಂತಿಗೆ ಏರಿಸುವ ಸ್ವಿಚ್‌ಯಾರ್ಡ್, ಹೊರಹೋಗುವ ತಂತಿಗಳು ಎಲ್ಲವೂ ಅಲ್ಲೇ ಇವೆ. ಇನ್ನೊಂದು ದಾರಿಯೆಂದು ಹೇಳುವ ಶರಾವತಿಯ 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಕ್ಕೆತ್ತಿಟ್ಟು ಬೇಕಾದಾಗ ಹರಿಸಿ ವಿದ್ಯುತ್ ಮಾಡುವ ಯೋಜನೆ) ಸಿಂಗಳೀಕ ಅಭಯಾರಣ್ಯದ ಕಾಡಿನೊಳಗೆ ಬರುತ್ತದೆ, ಅಲ್ಲಿನವರ ವಿರೋಧಕ್ಕೆ ಗಟ್ಟಿ ಕಾರಣಗಳಿವೆ. ರಾಯಚೂರಿನ ಹೊಗೆಯನ್ನು ಕಡಿಮೆ ಮಾಡಲು ಮಲೆನಾಡಿನ ಕಾಡನ್ನು ಕೊಡುವುದಕ್ಕಿಂತ ಮೊದಲು ಈ ಸ್ವಿಚ್‌ಯಾರ್ಡುಗಳನ್ನು ನೋಡಬೇಕು ಎನ್ನುವುದು ನನ್ನ ವಾದ.

ಇಲ್ಲಿಯೇ ಉದ್ಯೋಗ ಹುಟ್ಟಿಸುವ ಕೆಲವು ಕೆಲಸಗಳೂ ಇವೆ. ಬೂದಿ ಹೊಂಡದಲ್ಲಿ ದಶಕಗಳ ಬೂದಿ ಬಿದ್ದಿದೆ, ಅದನ್ನು ಎತ್ತಿ ಇಟ್ಟಿಗೆ, ರಸ್ತೆಗೆ ಸಾಗಿಸಿ, ಉಳಿದದ್ದರ ಮೇಲೆ ಮಣ್ಣು ಹಾಸಿ ಹಸಿರು ಮಾಡುವುದು ಹತ್ತಾರು ವರ್ಷದ ಕೆಲಸ. ಘಟಕ ಓಡುವಷ್ಟು ಕಾಲ ಕಲ್ಲಿದ್ದಲಿನ ಜೊತೆ ಶೇ. 5ರಷ್ಟು ಜೀವದ್ರವ್ಯದ ಪೆಲೆಟ್ (ಬೆಳೆಯ ಕಸ ಒತ್ತಿ ಮಾಡಿದ ಉಂಡೆ) ಸುಡಬೇಕೆಂಬ ಕೇಂದ್ರದ ನಿಯಮವಿದೆ. ಒಂದು ಘಟಕಕ್ಕೆ ದಿನಕ್ಕೆ 175 ಟನ್. ಹೊಲದಲ್ಲೇ ಸುಟ್ಟುಹಾಕುವ ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ ರಾಯಚೂರಿನ ಸುತ್ತ ಬೇಕಾದಷ್ಟು ಸಿಗುತ್ತದೆ, ಅದನ್ನು ಕೊಯ್ದು, ಒಣಗಿಸಿ, ಪೆಲೆಟ್ ಮಾಡುವ ಕೆಲಸ ಸ್ವಸಹಾಯ ಗುಂಪುಗಳ ಕೈಗೆಟುಕುವಂಥದ್ದು. ಎಡವುವುದು ತೇವದಲ್ಲಿ. ಮಳೆಯಲ್ಲಿ ನೆನೆದ ಪೆಲೆಟ್ ಪುಡಿಯಾಗುತ್ತದೆ, ತೀರಾ ಒಣಗಿದ್ದು ಕಲ್ಲಿದ್ದಲು ಪುಡಿ ಮಾಡುವ ಮಿಲ್ಲಿನೊಳಗೆ ಬಿಸಿಗಾಳಿಗೆ ಹೊತ್ತಿಕೊಳ್ಳುತ್ತದೆ. ಮಿಲ್ಲಿನಿಂದ ಹೊರಬರುವ ಗಾಳಿಯ ಉಷ್ಣತೆಯನ್ನು ಇಳಿಸಿ ಓಡಿಸುವ ಅಭ್ಯಾಸ ಬಾರದೆ ಇದನ್ನು ಶುರು ಮಾಡಬಾರದು.

ಹಣ ಎಲ್ಲಿಂದ ಎಂದು ಕೇಳುತ್ತಾರೆ. ಕಲ್ಲಿದ್ದಲಿನ ಮೇಲೆ 2010ರಲ್ಲಿ ಟನ್ನಿಗೆ 50 ರೂಪಾಯಿಯಂತೆ ಶುದ್ಧ ಇಂಧನದ ಹೆಸರಿನ ಸೆಸ್ ಶುರುವಾಗಿ 2016ಕ್ಕೆ 400 ಆಯಿತು. 2017ರಲ್ಲಿ ಅದು ಜಿಎಸ್‌ಟಿ ಪರಿಹಾರ ಸೆಸ್ಸಾಗಿ ರಾಜ್ಯಗಳ ಖೋತಾ ತುಂಬಲು ಹೋಯಿತು. 2025ರ ಸೆಪ್ಟೆಂಬರ್‌ನಲ್ಲಿ ಸೆಸ್ ತೆಗೆದು, ಕಲ್ಲಿದ್ದಲಿನ ಜಿಎಸ್‌ಟಿಯನ್ನು ಶೇ. 5ರಿಂದ 18ಕ್ಕೆ ಏರಿಸಿದರು. 400 ರೂಪಾಯಿ ಎಂದರೆ ಯುನಿಟ್ಟಿಗೆ 28 ಪೈಸೆ, ಒಂದು 210ರ ಘಟಕ ಓಡಿದ ದಿನಕ್ಕೆ 14 ಲಕ್ಷ. ಇಷ್ಟು ವರ್ಷ ಕಟ್ಟಿದರೂ ಕಲ್ಲಿದ್ದಲು ಹೊತ್ತವನ ನಾಳೆಗೆಂದು ಪ್ರತ್ಯೇಕ ನಿಧಿ ಹುಟ್ಟಲಿಲ್ಲ. ಗಣಿ ಇರುವ ಜಿಲ್ಲೆಗಳಿಗೆ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣವಾದರೂ ಇದೆ: ಒಡಿಶಾದ ಅಂಗುಲ್‌ಗೆ ಕಲ್ಲಿದ್ದಲಿನಿಂದ ಬರುತ್ತದೆ, ರಾಯಚೂರಿಗೆ ಹಟ್ಟಿ ಚಿನ್ನದ ಗಣಿಯಿಂದ ಬರುತ್ತದೆ. ಕಲ್ಲಿದ್ದಲು ಸುಡುವ ಜಿಲ್ಲೆಗೆ, ಸುಟ್ಟದ್ದಕ್ಕಾಗಿ ಅಂಥ ಪಾಲಿಲ್ಲ. ನಮ್ಮ ರಾಜ್ಯದಲ್ಲಿ ಪ್ರಸರಣ, ವಿತರಣಾ ಕಂಪನಿಗಳ ನೌಕರರ ಪಿಂಚಣಿ, ಗ್ರಾಚುಟಿಗೆಂದು 2025–26ರಲ್ಲಿ ಗ್ರಾಹಕರ ಬಿಲ್ಲಿನಲ್ಲಿ ಯುನಿಟ್ಟಿಗೆ 36 ಪೈಸೆ ಹಾಕಿದರು. ಖಾಯಂ ನೌಕರರ ಹಕ್ಕನ್ನು ನಾನು ಪ್ರಶ್ನಿಸುತ್ತಿಲ್ಲ. ಆದರೆ ಆರ್‌ಟಿಪಿಎಸ್ ಅರ್ಧ ಸಾಮರ್ಥ್ಯದಲ್ಲಿ ಓಡಿದರೂ ವರ್ಷಕ್ಕೆ 750 ಕೋಟಿ ಯುನಿಟ್ ಆಗುತ್ತದೆ, ಅದರ ಮೇಲೆ ಬರೀ 2 ಪೈಸೆ ಎತ್ತಿಟ್ಟರೆ 15 ಕೋಟಿ ರೂಪಾಯಿ. ಐದು ವರ್ಷ ಕೂಡಿದರೆ 75 ಕೋಟಿ. ನಿಧಿ ಕಟ್ಟುವುದು ಘಟಕ ಓಡುತ್ತಿರುವಾಗ ಮಾತ್ರ ಸಾಧ್ಯ, ನಿಂತ ಮೇಲೆ ಯುನಿಟ್ಟೇ ಇರುವುದಿಲ್ಲ.

ಇನ್ನು ನಿಮ್ಮ ಮನೆಯ ಮಟ್ಟಿಗೆ. ಸಂಘದ ಮುಖಂಡರಿಗಾಗಿ ಕಾಯದೆ ಈ ತಿಂಗಳೇ ಶುರು ಮಾಡಬಹುದಾದ ಕೆಲಸ ಪಿಎಫ್ ಪಾಸ್‌ಬುಕ್ಕಿನದು. ನಾಲ್ಕು ಗುತ್ತಿಗೆದಾರರ ಕೈಯಲ್ಲಿ ಹದಿನಾಲ್ಕು ವರ್ಷ ಎಂದರೆ ಯಜಮಾನರ ಹೆಸರಲ್ಲಿ ನಾಲ್ಕು ಸದಸ್ಯ ಸಂಖ್ಯೆಗಳಿರುವ ಸಾಧ್ಯತೆ ಹೆಚ್ಚು. ಯುಎಎನ್ (ಎಲ್ಲ ಪಿಎಫ್ ಖಾತೆಗಳಿಗೂ ಸೇರಿದ ಒಂದೇ ಸಂಖ್ಯೆ) ಒಂದೇ ಇದೆಯೇ ನೋಡಿ. ಪಾಸ್‌ಬುಕ್ ತೆರೆದು ತಿಂಗಳು ತಿಂಗಳೂ ಕಂತು ಬಿದ್ದಿದೆಯೇ, ಬಿಟ್ಟುಹೋದ ತಿಂಗಳು ಯಾವುದು, ಆಗ ಗುತ್ತಿಗೆದಾರ ಯಾರು ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಹಳೆಯ ಸಂಖ್ಯೆಗಳ ಹಣ ಮತ್ತು ಸೇವೆಯನ್ನು ಫಾರ್ಮ್ 13ರ ಮೂಲಕ ಈಗಿನದಕ್ಕೆ ವರ್ಗಾಯಿಸಿ. ಬಹಳ ಜನ ಇಲ್ಲಿ ಒಂದು ತಪ್ಪು ಮಾಡುತ್ತಾರೆ: ಗುತ್ತಿಗೆದಾರ ಬದಲಾದಾಗಲೆಲ್ಲ ಪಿಎಫ್ ಜೊತೆಗೆ ಫಾರ್ಮ್ 10ಸಿ ಹಾಕಿ ಪಿಂಚಣಿಯ ಹಣವನ್ನೂ ತೆಗೆದುಬಿಡುತ್ತಾರೆ. ಹಾಗೆ ತೆಗೆದರೆ ಅಲ್ಲಿಯವರೆಗಿನ ಪಿಂಚಣಿ ಸೇವೆ ಅಳಿಸಿಹೋಗುತ್ತದೆ. ಒಟ್ಟು 10 ವರ್ಷ ಸೇವೆ ಸೇರಿದರೆ 58ಕ್ಕೆ ಪಿಂಚಣಿ ಬರುತ್ತದೆ. ಯಜಮಾನರು ಹಿಂದೆ 10ಸಿ ಹಾಕಿದ್ದಾರೆಯೇ ಎಂದು ಮೊದಲು ಕೇಳಿ. ಹಾಕಿದ್ದರೆ ಇನ್ನು ಮುಂದೆ ಹಾಕುವುದು ಬೇಡ.

ಎರಡನೆಯದಾಗಿ, ಹದಿನಾಲ್ಕು ವರ್ಷದ ಗೇಟ್ ಪಾಸ್‌ಗಳು. ಪ್ರತಿ ವರ್ಷದ ಪಾಸನ್ನೂ ಹಿಂದೆ ಮುಂದೆ ಜೆರಾಕ್ಸ್ ಮಾಡಿಸಿ. ಸಂಬಳದ ಚೀಟಿ, ಇಎಸ್‌ಐ ಕಾರ್ಡ್, ಬ್ಯಾಂಕಿಗೆ ಸಂಬಳ ಬಿದ್ದ ಸಾಲುಗಳು ಜೊತೆಗಿರಲಿ. ಇದೇಕೆ ಇಷ್ಟು ಮುಖ್ಯ ಎಂದರೆ, ದಿನಗೂಲಿ 600 ರೂಪಾಯಿ ಎಂದಿಟ್ಟುಕೊಳ್ಳಿ. 14 ವರ್ಷದ ಸೇವೆ ಸಾಬೀತಾದರೆ ಪರಿಹಾರ 210 ದಿನದ ಕೂಲಿ, 1,26,000 ರೂಪಾಯಿ. ಈಗಿನ ಗುತ್ತಿಗೆದಾರನ ಕೈಕೆಳಗಿನ ಮೂರು ವರ್ಷ ಮಾತ್ರ ಲೆಕ್ಕಕ್ಕೆ ಬಂದರೆ 45 ದಿನ, 27,000. ಗುತ್ತಿಗೆದಾರರು ಬದಲಾದರೂ ಕೆಲಸ, ಜಾಗ, ಮೇಲ್ವಿಚಾರಣೆ ಅದೇ ಇತ್ತೆಂದು ತೋರಿಸುವುದು ಸುಲಭದ ವ್ಯಾಜ್ಯವಲ್ಲ, ಕಾಗದವಿಲ್ಲದೆ ಅದು ಸಾಧ್ಯವೇ ಇಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಪ್ರತಿ ಕಾರ್ಮಿಕನಿಗೂ ನೇಮಕ ಪತ್ರ ಕೊಡಬೇಕೆಂದಿದೆ, ಅದನ್ನು ಬರವಣಿಗೆಯಲ್ಲಿ ಕೇಳಿ. ಕೆಲಸದಿಂದ ತೆಗೆದವನಿಗೆ ಹೊಸ ಕೌಶಲಕ್ಕಾಗಿ 15 ದಿನದ ಸಂಬಳ 45 ದಿನದೊಳಗೆ ಖಾತೆಗೆ ಬೀಳಬೇಕು ಎಂಬ ನಿಯಮವೂ ಅದರಲ್ಲಿದೆ. ದೊಡ್ಡ ಮೊತ್ತವಲ್ಲ, ಆದರೆ ಪರಿಹಾರಕ್ಕಿಂತ ಬೇರೆಯಾದದ್ದು.

ಕೆಲಸ ಬದಲಿಸುವ ಯೋಚನೆ ಇದ್ದರೆ, ಸ್ಥಾವರದ ಎಲ್ಲ ಕೌಶಲಕ್ಕೂ ಹೊರಗೆ ಒಂದೇ ಬೆಲೆಯಿಲ್ಲ. ಎಲೆಕ್ಟ್ರಿಷಿಯನ್, ಸ್ವಿಚ್‌ಯಾರ್ಡ್ ಸಹಾಯಕ, ಬೆಲ್ಟ್ ಜೋಡಿಸುವವ, ಹೈ ಪ್ರೆಷರ್ ವೆಲ್ಡರ್ ಇವರಿಗೆ ಸಬ್‌ಸ್ಟೇಷನ್, ಸಿಮೆಂಟ್ ಕಾರ್ಖಾನೆ, ಬಳ್ಳಾರಿಯ ಉಕ್ಕಿನ ಕಡೆ ಕೆಲಸ ಸಿಗುತ್ತದೆ. ವ್ಯಾಗನ್ ಖಾಲಿ ಮಾಡುವುದು, ಬೂದಿ ಸಾಗಿಸುವುದು ಮಾತ್ರ ಗೊತ್ತಿದ್ದವರಿಗೆ ಕಷ್ಟ. ಕನ್ವೇಯರ್ ಬೆಲ್ಟಿನ ವಲ್ಕನೈಸಿಂಗ್ (ಬಿಸಿ ಮಾಡಿ ಬೆಲ್ಟ್ ಬೆಸೆಯುವುದು), ಇಡ್ಲರ್ (ಬೆಲ್ಟಿನ ಕೆಳಗಿನ ಉರುಳೆ) ಬದಲಿಸುವುದು ಯಜಮಾನರಿಗೆ ಬರುತ್ತದೆ ಎಂದಾದರೆ ಅದನ್ನು ಅನುಭವ ಪತ್ರದಲ್ಲಿ ಹಾಗೆಯೇ ಬರೆಸಿಕೊಳ್ಳಿ. ಬರೀ 'ಹೆಲ್ಪರ್' ಎಂದು ಬರೆಸಿಕೊಂಡರೆ ಹೊರಗೆ ಹೆಲ್ಪರ್ ಕೂಲಿಯೇ ಸಿಗುವುದು.

ಕೊನೆಗೆ, ಸ್ಥಾವರ ನಡೆಸುವ ನಿಗಮಕ್ಕೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಎರಡು ಮೂರು ವಿಷಯ ಬೆರೆಸಿದರೆ ಅದನ್ನೇ ನೆಪ ಮಾಡಿ ತಿರಸ್ಕರಿಸುತ್ತಾರೆ. ಮೊದಲ ಅರ್ಜಿಯಲ್ಲಿ ಇಷ್ಟೇ ಕೇಳಿ: ಕಳೆದ ಐದು ವರ್ಷಗಳಲ್ಲಿ ಪ್ರತಿ ಘಟಕ ಎಷ್ಟು ದಿನ ರಿಸರ್ವ್ ಶಟ್‌ಡೌನ್‌ನಲ್ಲಿತ್ತು, ತಿಂಗಳುವಾರು. ಎರಡನೆಯದರಲ್ಲಿ: ಕಲ್ಲಿದ್ದಲು ವಿಭಾಗದ ಗುತ್ತಿಗೆಯಲ್ಲಿ ವರ್ಷವಾರು ಎಷ್ಟು ಮಾನವ ದಿನಗಳಿಗೆ ಟೆಂಡರ್ ಕರೆಯಲಾಗಿದೆ. ಮೂರನೆಯದರಲ್ಲಿ: ಘಟಕಗಳ ಆಯುಸ್ಸು ವಿಸ್ತರಣೆ ಅಥವಾ ನಿವೃತ್ತಿಯ ಬಗ್ಗೆ ಆಡಳಿತ ಮಂಡಳಿ ಮಾಡಿದ ನಿರ್ಣಯದ ಪ್ರತಿ. ಉತ್ತರಕ್ಕೆ 30 ದಿನದ ಗಡುವಿದೆ. ಶಟ್‌ಡೌನ್ ದಿನಗಳ ಪಟ್ಟಿಯನ್ನು ಯಜಮಾನರ ಹಾಜರಿಯ ಪಕ್ಕದಲ್ಲಿಟ್ಟು ನೋಡಿ. ಘಟಕ ಓಡಿದ ದಿನವೂ ಕೆಲಸ ಸಿಕ್ಕಿಲ್ಲವೆಂದಾದರೆ ಕಾರಣ ಕಲ್ಲಿದ್ದಲಿನದ್ದಲ್ಲ, ಗುತ್ತಿಗೆದಾರನದ್ದು. ಆ ದೂರನ್ನು ಕಾರ್ಮಿಕ ಇಲಾಖೆಗೆ ಈಗಲೇ ಕೊಡಬಹುದು. ಈಗಿನ ಟೆಂಡರ್ ಮುಗಿಯುವ ತಾರೀಖು ಯಾವುದೆಂದು ಕೇಳಿ ತಿಳಿದುಕೊಂಡು, ಈ ಕಾಗದಗಳನ್ನೆಲ್ಲ ಅದಕ್ಕೆ ಎರಡು ತಿಂಗಳು ಮುಂಚೆಯೇ ಒಂದು ಫೈಲಿನಲ್ಲಿ ಸೇರಿಸಿಡಿ.